ಬಾಕ್ಸ್ ಬಿಗಿ ಮಾಡಿದರೂ ನೆಟ್ಟಗೆ ಓಡದ ಪಿಕಪ್: ಸ್ಟೀರಿಂಗ್ ಮತ್ತು ಮುಂಭಾಗದ ದುರಸ್ತಿಯ ಒಂದು ಪ್ರಕರಣ ಅಧ್ಯಯನ

ಗಾಡಿ ಮತ್ತು ದೂರು

ಇಪ್ಪತ್ತು ವರ್ಷ ದಾಟಿದ, ಹಿಂದಿನ ಚಕ್ರಗಳಿಂದ ಓಡುವ ಪಿಕಪ್ ಇದು. ಓಡೋಮೀಟರ್ 2.7 ಲಕ್ಷ ಕಿ.ಮೀ. ತೋರಿಸುತ್ತಿತ್ತು. ಮುಂದೆ ಮೇಲೊಂದು ಕೆಳಗೊಂದು ಆರ್ಮ್, ಕೆಳಗಿನ ಆರ್ಮ್ ಮೇಲೆ ಕೂತ ಕಾಯಿಲ್ ಸ್ಪ್ರಿಂಗ್. ಪವರ್ ಸ್ಟೀರಿಂಗ್ ಇದ್ದರೂ ರ‍್ಯಾಕ್ ಅಲ್ಲ, ಹಳೆಯ ಕಾಲದ ಸ್ಟೀರಿಂಗ್ ಬಾಕ್ಸ್, ಅಂದರೆ ಸ್ಟೀರಿಂಗ್‌ನ ತಿರುವನ್ನು ಗೇರ್‌ಗಳ ಮೂಲಕ ಕೆಳಗಿನ ಆರ್ಮ್‌ಗೆ ದಾಟಿಸುವ ಪೆಟ್ಟಿಗೆ. ಬಾಕ್ಸ್‌ನಿಂದ ಇಳಿಯುವ ಪಿಟ್‌ಮನ್ ಆರ್ಮ್ ಅಡ್ಡಲಾಗಿರುವ ಸೆಂಟರ್ ಲಿಂಕ್ ಅನ್ನು ದೂಡುತ್ತದೆ. ಲಿಂಕ್‌ನ ಇನ್ನೊಂದು ತುದಿಯನ್ನು ಎದುರು ಬದಿಯ ಚಾಸಿಗೆ ಬೋಲ್ಟ್ ಆಗಿರುವ ಐಡ್ಲರ್ ಆರ್ಮ್ ಹಿಡಿದಿರುತ್ತದೆ. ಸೆಂಟರ್ ಲಿಂಕ್‌ನಿಂದ ಎರಡು ಟೈ ರಾಡ್‌ಗಳು ಎರಡು ಚಕ್ರಗಳಿಗೆ ಹೋಗುತ್ತವೆ. ಈ ಇಡೀ ಸರಣಿಗೆ ಲಿಂಕೇಜ್ ಎನ್ನುತ್ತಾರೆ.

ದೂರು ಮೂರು ಬಗೆಯದು. 60 ಕಿ.ಮೀ. ವೇಗ ದಾಟಿದರೆ ಗಾಡಿ ಒಂದು ಗೆರೆಯಲ್ಲಿ ನಿಲ್ಲುತ್ತಿರಲಿಲ್ಲ, ಸ್ಟೀರಿಂಗ್ ಚಕ್ರವನ್ನು ಸದಾ ಎಡಕ್ಕೆ ಬಲಕ್ಕೆ ತಿದ್ದುತ್ತಿರಬೇಕಿತ್ತು. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಮುಂಭಾಗದಿಂದ ಒಮ್ಮೆ ‘ಠಕ್’ ಎಂಬ ಶಬ್ದ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುತ್ತಿರಲಿಲ್ಲ, ಕೈಯಿಂದ ಎಳೆದು ತರಬೇಕಿತ್ತು. ಮುಂದಿನ ಎರಡೂ ಟೈರ್‌ಗಳ ಒಳ ಅಂಚು ಹೊರ ಅಂಚಿಗಿಂತ ಎದ್ದು ಕಾಣುವಷ್ಟು ಸವೆದಿತ್ತು. ಐಡ್ಲರ್ ಬದಿಯ, ಅಂದರೆ ಚಾಲಕನ ಬದಿಗೆ ಎದುರಿನ ಟೈರ್ ಮೇಲೆ ಅಂಗೈಯನ್ನು ಅಡ್ಡಲಾಗಿ ಆಡಿಸಿದರೆ ಒಂದು ದಿಕ್ಕಿನಲ್ಲಿ ನುಣುಪು, ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲಿನಂತೆ ಕೈಗೆ ತಾಗುತ್ತಿತ್ತು. ಟೋ (ಮೇಲಿನಿಂದ ನೋಡಿದಾಗ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಪ್ರಮಾಣ) ಕೆಟ್ಟಿದೆ ಎನ್ನಲು ಯಂತ್ರವೇ ಬೇಕಿಲ್ಲ, ಈ ಗುರುತು ಸಾಕು.

ಗಾಡಿ ಕೈಗೆ ಬರುವ ಮೊದಲು ಎರಡು ಕೆಲಸ ಆಗಿತ್ತು. ಒಂದು ಬಾರಿ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನಗಳನ್ನು ಹೊಂದಿಸುವ ಕೆಲಸ. ಇನ್ನೊಂದು, ‘ಸ್ಟೀರಿಂಗ್ ಪ್ಲೇ (ಟೈರ್ ಚಲಿಸದೆ ಸ್ಟೀರಿಂಗ್ ಸುಮ್ಮನೆ ಆಡುವ ಸಡಿಲ) ಜಾಸ್ತಿ ಇದೆ’ ಎಂದು ಬಾಕ್ಸ್ ಮೇಲಿನ ಅಡ್ಜಸ್ಟಿಂಗ್ ಸ್ಕ್ರೂ ಬಿಗಿ ಮಾಡಿದ್ದು. ಲಾಕ್ ನಟ್ ಮೇಲೆ ಹೊಸ ಸ್ಪಾನರ್ ಗುರುತು ಹಾಗೇ ಇತ್ತು. ಎರಡರಿಂದಲೂ ಪ್ರಯೋಜನ ಆಗಿರಲಿಲ್ಲ. ಪ್ಲೇ ಎಲ್ಲಿದೆ ಎಂದು ಹುಡುಕದೆ ಅದನ್ನು ಬಾಕ್ಸ್‌ನಲ್ಲಿ ತೆಗೆಯಲು ಹೋದದ್ದೇ ಈ ಪ್ರಕರಣದ ತಿರುಳು.

ಬಿಚ್ಚುವ ಮೊದಲು ಅಳತೆ

ಟೈರ್ ಗಾಳಿ ಸರಿ ಮಾಡಿ, ನೆಲ ಸಮ ಇರುವ ಜಾಗದಲ್ಲಿ ಗಾಡಿ ನಿಲ್ಲಿಸಿ ಎತ್ತರ ಅಳೆಯಲಾಯಿತು. ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಬದಿಗೆ 5 ಮಿ.ಮೀ. ವ್ಯತ್ಯಾಸ. ಇಷ್ಟು ಹಳೆಯ ಗಾಡಿಗೆ ಇದು ಚಿಂತೆಯ ಮಾತಲ್ಲ. ಸ್ಪ್ರಿಂಗ್ ಬದಲಾವಣೆ ಬೇಡ ಎಂದು ಅಲ್ಲಿಗೇ ತೀರ್ಮಾನ. ಒಂದು ಬದಿ ಕುಸಿದಿದ್ದರೆ ಮೊದಲು ಸ್ಪ್ರಿಂಗ್ ಸರಿಪಡಿಸಬೇಕು, ಇಲ್ಲದಿದ್ದರೆ ಆಮೇಲೆ ಮಾಡುವ ಯಾವ ಅಲೈನ್‌ಮೆಂಟೂ ನಿಲ್ಲುವುದಿಲ್ಲ.

ಸ್ಟೀರಿಂಗ್ ಚಕ್ರದ ಅಂಚಿನಲ್ಲಿ ಪ್ಲೇ 65 ಮಿ.ಮೀ. ಇತ್ತು. ಎಂಜಿನ್ ಚಾಲೂ ಇಟ್ಟು, ಟೈರ್ ಚಲಿಸಲು ಶುರು ಮಾಡುವವರೆಗೆ ಅತ್ತ ಇತ್ತ ತಿರುಗಿಸಿ ಅಳೆದ ಲೆಕ್ಕ. ಈ ಗಾಡಿಯ ಕೈಪಿಡಿ ಹೇಳುವ ಮಿತಿ 30 ಮಿ.ಮೀ.

ಇಂಥ ಕೆಲಸದಲ್ಲಿ ಎಲ್ಲಕ್ಕಿಂತ ಉಪಯುಕ್ತವಾದ ಪರೀಕ್ಷೆಗೆ ಯಂತ್ರ ಬೇಡ, ಇಬ್ಬರು ಬೇಕು. ಚಕ್ರಗಳು ನೆಲದ ಮೇಲೆ ಭಾರ ಹೊತ್ತೇ ಇರಬೇಕು, ಎಂಜಿನ್ ಚಾಲೂ, ಹ್ಯಾಂಡ್ ಬ್ರೇಕ್ ಎಳೆದು ಹಿಂದಿನ ಚಕ್ರಗಳಿಗೆ ಅಡ್ಡ ಇಟ್ಟಿರಬೇಕು. ಒಬ್ಬರು ಸ್ಟೀರಿಂಗನ್ನು ಗಡಿಯಾರದ 11ರಿಂದ 1ರವರೆಗೆ ಬೇಗ ಬೇಗ ಆಡಿಸುತ್ತಿರಬೇಕು. ಇನ್ನೊಬ್ಬರು ಪಕ್ಕದಿಂದ ಟಾರ್ಚ್ ಹಿಡಿದು ಒಂದೊಂದೇ ಜಾಯಿಂಟ್ ನೋಡುತ್ತ ಹೋಗಬೇಕು, ಕಾಲಂ ಶಾಫ್ಟ್‌ನಿಂದ ಶುರು ಮಾಡಿ ಚಕ್ರದ ತನಕ. ಪ್ರತಿ ಜಾಯಿಂಟ್‌ನಲ್ಲೂ ಕೇಳಬೇಕಾದ್ದು ಒಂದೇ: ಈ ಕಡೆಯ ತುಂಡು ಚಲಿಸಿದ ಕೂಡಲೇ ಆ ಕಡೆಯದೂ ಚಲಿಸಿತೇ, ಇಲ್ಲ ತಡವಾಯಿತೇ? ಚಕ್ರ ಎತ್ತಿ ಕೈಯಲ್ಲಿ ಅಲ್ಲಾಡಿಸಿ ನೋಡಿದರೆ ಭಾರದಡಿ ಮಾತ್ರ ಬಯಲಾಗುವ ಸಡಿಲಗಳು ಎಷ್ಟೋ ಸಲ ತಪ್ಪಿಹೋಗುತ್ತವೆ.

ಈ ಗಾಡಿಯಲ್ಲಿ ಕಂಡದ್ದು ಹೀಗೆ. ಕಾಲಂ ಶಾಫ್ಟ್ ಮತ್ತು ಬಾಕ್ಸ್ ನಡುವಿನ ರಬ್ಬರ್ ಕಪ್ಲಿಂಗ್ ಗಟ್ಟಿ ಇತ್ತು. ಬಾಕ್ಸನ್ನು ಚಾಸಿಗೆ ಹಿಡಿದ ಬೋಲ್ಟ್‌ಗಳು ಬಿಗಿಯಾಗಿದ್ದವು, ಸುತ್ತಲಿನ ತಗಡಿನಲ್ಲಿ ಬಿರುಕು ಇರಲಿಲ್ಲ. ಹಳೆಯ ಪಿಕಪ್‌ಗಳಲ್ಲಿ ಈ ಜಾಗವನ್ನು ತಂತಿ ಬ್ರಷ್‌ನಿಂದ ಉಜ್ಜಿಯೇ ನೋಡಬೇಕು, ಬಣ್ಣ ಮತ್ತು ಕೆಸರಿನ ಕೆಳಗೆ ಬಿರುಕು ಅಡಗಿರುತ್ತದೆ. ಪಿಟ್‌ಮನ್ ಆರ್ಮ್ ತುದಿಯಲ್ಲಿ ಸೆಂಟರ್ ಲಿಂಕ್‌ನ ಬಾಲ್ ಸ್ಟಡ್ (ಗುಂಡು ತಲೆಯ ಕಡ್ಡಿ) ತುಸು ತಡ ಮಾಡುತ್ತಿತ್ತು. ಒಳಗಿನ ಎರಡು ಟೈ ರಾಡ್ ಎಂಡ್‌ಗಳಲ್ಲಿ ಸ್ಪಷ್ಟ ಸಡಿಲ, ಹೊರಗಿನ ಎರಡರ ಬೂಟ್ (ರಬ್ಬರ್ ಹೊದಿಕೆ) ಹರಿದು ಒಳಗೆ ಗ್ರೀಸ್ ಬದಲು ಕಂದು ಮಣ್ಣು.

ಐಡ್ಲರ್ ಆರ್ಮ್‌ನದು ಇವೆಲ್ಲಕ್ಕಿಂತ ದೊಡ್ಡ ದೋಷ. ಸ್ಟೀರಿಂಗ್ ಆಡಿಸಿದಾಗ ಅದು ಪಕ್ಕಕ್ಕೆ ಹೋಗುವ ಮೊದಲು ಮೇಲೆ ಏಳುತ್ತಿತ್ತು. ಸೆಂಟರ್ ಲಿಂಕ್‌ನ ಆ ತುದಿಯನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ದೂಡಿ ಡಯಲ್ ಗೇಜ್‌ನಲ್ಲಿ ಅಳೆದಾಗ ಒಟ್ಟು 9 ಮಿ.ಮೀ. ಚಲನೆ. ಐಡ್ಲರ್ ತುದಿ ಹೀಗೆ ಏರಿಳಿದರೆ ಆ ಬದಿಯ ಟೈ ರಾಡ್‌ನ ಕೋನ ಬದಲಾಗುತ್ತದೆ, ಕೋನದ ಜೊತೆ ಆ ಚಕ್ರದ ಟೋ ಕೂಡ. ಚಾಲಕ ಏನೂ ಮಾಡದಿದ್ದರೂ ರಸ್ತೆಯ ಪ್ರತಿ ಉಬ್ಬಿಗೂ ಒಂದು ಚಕ್ರ ತನ್ನಷ್ಟಕ್ಕೆ ಸ್ವಲ್ಪ ತಿರುಗುತ್ತದೆ. ಹಿಂದೆ ಮಾಡಿಸಿದ ಅಲೈನ್‌ಮೆಂಟ್ ಯಾಕೆ ನಿಲ್ಲಲಿಲ್ಲ ಎಂಬುದಕ್ಕೆ ಉತ್ತರ ಇಲ್ಲೇ ಇದೆ: ಯಂತ್ರದ ಮೇಲೆ ಟೋ ಕೂಡಿಸಿದಾಗ ಐಡ್ಲರ್ ಆ 9 ಮಿ.ಮೀ.ಯಲ್ಲಿ ಎಲ್ಲಿ ನಿಂತಿತ್ತೋ ಅಲ್ಲಿಗೆ ಮಾತ್ರ ಆ ಲೆಕ್ಕ ಸರಿ.

ಬಾಲ್ ಜಾಯಿಂಟ್ ನೋಡುವ ಕ್ರಮ

ಆರ್ಮ್‌ನ ಹೊರತುದಿಯನ್ನು ನಕಲ್‌ಗೆ, ಅಂದರೆ ಚಕ್ರ ಕೂರುವ ತುಂಡಿಗೆ, ಜೋಡಿಸುವುದು ಬಾಲ್ ಜಾಯಿಂಟ್. ಭಾರ ಹೊರುವ ಜಾಯಿಂಟ್ ಯಾವುದು ಎಂದು ಮೊದಲು ಗೊತ್ತಿರಬೇಕು. ಸ್ಪ್ರಿಂಗ್ ಕೆಳಗಿನ ಆರ್ಮ್ ಮೇಲಿದ್ದರೆ ಕೆಳಗಿನ ಜಾಯಿಂಟ್ ಭಾರ ಹೊರುತ್ತದೆ. ಆಗ ಜಾಕ್ ಅನ್ನು ಕೆಳಗಿನ ಆರ್ಮ್‌ನ ಹೊರತುದಿಗೆ, ಜಾಯಿಂಟ್‌ಗೆ ಸಾಧ್ಯವಾದಷ್ಟು ಹತ್ತಿರ ಇಟ್ಟು ಎತ್ತಬೇಕು. ಜಾಯಿಂಟ್ ಮೇಲಿನ ಒತ್ತಡ ಹೋದ ಮೇಲೆ ಮಾತ್ರ ಸಡಿಲ ಕೈಗೆ ಸಿಗುತ್ತದೆ. ಟಾರ್ಶನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್‌ನಂತೆ ಕೆಲಸ ಮಾಡುವ ಸರಳು) ಮೇಲಿನ ಆರ್ಮ್‌ಗೆ ಕೂತ ಗಾಡಿಯಾದರೆ ಜಾಕ್ ಚಾಸಿಯ ಕೆಳಗೆ. ಇದನ್ನು ಅದಲು ಬದಲು ಮಾಡಿದರೆ ಸತ್ತ ಜಾಯಿಂಟ್ ಕೂಡ ಗಟ್ಟಿ ಎಂದೇ ತೋರುತ್ತದೆ.

ಚಕ್ರವನ್ನು 12 ಮತ್ತು 6 ಗಂಟೆಯ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ಎರಡೂ ಬದಿಯಲ್ಲಿ ಆಟ ಇತ್ತು. ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದಾಗ ಚಾಲಕನ ಬದಿಯ ಆಟ ಪೂರ್ತಿ ಹೋಯಿತು, ಐಡ್ಲರ್ ಬದಿಯದು ಕಡಿಮೆಯಾಯಿತು ಅಷ್ಟೆ. ಬ್ರೇಕ್ ಒತ್ತಿದಾಗ ಡಿಸ್ಕ್ ಮತ್ತು ನಕಲ್ ಒಂದಾಗುವುದರಿಂದ ವ್ಹೀಲ್ ಬೇರಿಂಗ್‌ನ ಆಟ ಮರೆಯಾಗುತ್ತದೆ; ಉಳಿದದ್ದು ಬಾಲ್ ಜಾಯಿಂಟ್‌ನದು. ಅಂದರೆ ಚಾಲಕನ ಬದಿಯಲ್ಲಿ ಈ ಪರೀಕ್ಷೆ ತೋರಿಸಿದ್ದು ಬೇರಿಂಗ್ ಸಡಿಲ ಮಾತ್ರ, ಐಡ್ಲರ್ ಬದಿಯಲ್ಲಿ ಬೇರಿಂಗ್ ಮತ್ತು ಜಾಯಿಂಟ್ ಎರಡೂ.

ಕೆಳಗಿನ ಜಾಯಿಂಟ್‌ನಲ್ಲಿ ಸವೆತದ ಗುರುತು ಇತ್ತು. ಗ್ರೀಸ್ ನಿಪ್ಪಲ್ ಕೂತಿರುವ ಚಿಕ್ಕ ದುಂಡು ಭಾಗ ಹೊಸದರಲ್ಲಿ ಜಾಯಿಂಟ್‌ನ ಮುಚ್ಚಳದಿಂದ ಸುಮಾರು 1.3 ಮಿ.ಮೀ. ಹೊರಗೆ ಚಾಚಿರುತ್ತದೆ. ಜಾಯಿಂಟ್ ಸವೆದಂತೆ ಅದು ಒಳಗೆ ಸರಿಯುತ್ತದೆ. ಇದನ್ನು ಗಾಡಿ ನೆಲದ ಮೇಲಿದ್ದಾಗಲೇ ನೋಡಬೇಕು. ಕೆಸರು ಒರೆಸಿ ಸ್ಕ್ರೂಡ್ರೈವರ್ ತುದಿಯನ್ನು ಅಡ್ಡ ಎಳೆದಾಗ ಚಾಲಕನ ಬದಿಯಲ್ಲಿ ತುದಿ ಇನ್ನೂ ತಡೆಯುತ್ತಿತ್ತು. ಐಡ್ಲರ್ ಬದಿಯಲ್ಲಿ ಏನೂ ತಾಗದೆ ಜಾರಿ ಹೋಯಿತು. ಅದರ ಕಾಲ ಮುಗಿದಿದೆ ಎಂದು ಅರ್ಥ. ಮೇಲಿನ ಜಾಯಿಂಟ್‌ಗಳು ಎರಡೂ ಕೈಯಲ್ಲೇ ಅಲ್ಲಾಡುತ್ತಿದ್ದವು, ರಬ್ಬರ್ ಪುಡಿಯಾಗಿತ್ತು. ಆರ್ಮ್ ಚಾಸಿ ಕಡೆ ಆಡುವ ಜಾಗದ ರಬ್ಬರ್ ತುಂಡುಗಳಾದ ಮೇಲಿನ ಆರ್ಮ್ ಬುಷ್‌ಗಳಲ್ಲಿ ರಬ್ಬರ್ ಹರಿದು ಒಳಗಿನ ಉಕ್ಕಿನ ಕೊಳವೆ ಒಂದು ಪಕ್ಕಕ್ಕೆ ಕೂತಿತ್ತು. ಬ್ರೇಕ್ ಒತ್ತಿದಾಗಿನ ‘ಠಕ್’ ಇದರದೇ: ಚಕ್ರವನ್ನು ಹಿಂದಕ್ಕೆ ದೂಡುವ ಬಲ ಬಂದಾಗ ಆರ್ಮ್ ಆ ಹರಿದ ಬುಷ್‌ನೊಳಗೆ ಒಮ್ಮೆಲೇ ಸರಿದು ಲೋಹಕ್ಕೆ ಲೋಹ ಬಡಿಯುತ್ತಿತ್ತು. ಕೆಳಗಿನ ಆರ್ಮ್ ಬುಷ್‌ಗಳನ್ನು ಹಾರೆ ಹಾಕಿ ಎತ್ತಿ ನೋಡಿದರೂ ಗಟ್ಟಿ ಇದ್ದವು.

ಏನು ಬದಲಿಸುವುದು, ಏನು ಬಿಡುವುದು

ತರಿಸಿದ ಭಾಗಗಳು:

- ಐಡ್ಲರ್ ಆರ್ಮ್, ಬ್ರಾಕೆಟ್ ಸಮೇತ: 1
- ಸೆಂಟರ್ ಲಿಂಕ್: 1
- ಟೈ ರಾಡ್ ಎಂಡ್: ಒಳಗಿನದು 2, ಹೊರಗಿನದು 2
- ಅಡ್ಜಸ್ಟಿಂಗ್ ಸ್ಲೀವ್, ಕ್ಲಾಂಪ್ ಮತ್ತು ಬೋಲ್ಟ್ ಸಮೇತ: 2
- ಬಾಲ್ ಜಾಯಿಂಟ್: ಮೇಲಿನದು 2, ಕೆಳಗಿನದು 2
- ಮೇಲಿನ ಆರ್ಮ್ ಬುಷ್: 4
- ವ್ಹೀಲ್ ಬೇರಿಂಗ್ ಸೀಲ್: 2, ಜೊತೆಗೆ ಬೇರಿಂಗ್ ಗ್ರೀಸ್ ಮತ್ತು ಹೊಸ ಸ್ಪ್ಲಿಟ್ ಪಿನ್‌ಗಳು

ಸ್ಲೀವ್ (ಟೈ ರಾಡ್‌ನ ಎರಡು ಎಂಡ್‌ಗಳನ್ನು ಜೋಡಿಸಿ ಉದ್ದ ಹೊಂದಿಸುವ ಕೊಳವೆ) ಬದಲಿಸುವುದು ದಂಡ ಎಂದು ಅನೇಕರಿಗೆ ಅನ್ನಿಸುತ್ತದೆ. ತುಕ್ಕು ಹಿಡಿದ ಹಳೆಯ ಸ್ಲೀವ್‌ನಿಂದ ಎಂಡ್ ಬಿಚ್ಚಲು ಹೋಗುವ ಸಮಯ, ಆಮೇಲೆ ಅಲೈನ್‌ಮೆಂಟ್ ಮಾಡುವಾಗ ಅದು ತಿರುಗದೆ ಪಡುವ ಪಾಡು ಲೆಕ್ಕ ಹಾಕಿದರೆ ಹೊಸದೇ ಲೇಸು. ಚಾಲಕನ ಬದಿಯ ಕೆಳಗಿನ ಬಾಲ್ ಜಾಯಿಂಟ್ ಇನ್ನೂ ಸ್ವಲ್ಪ ದಿನ ಬಾಳುತ್ತಿತ್ತು. ಆದರೆ ಅದಕ್ಕಾಗಿ ಇಡೀ ಬದಿಯನ್ನು ಮತ್ತೆ ಬಿಚ್ಚಬೇಕಾಗುತ್ತದೆ ಎಂಬ ಕಾರಣಕ್ಕೆ ಅದನ್ನೂ ಸೇರಿಸಲಾಯಿತು.

ಪಿಟ್‌ಮನ್ ಆರ್ಮ್ ಪಟ್ಟಿಯಲ್ಲಿಲ್ಲ. ಕೆಲವು ಗಾಡಿಗಳಲ್ಲಿ ಬಾಲ್ ಜಾಯಿಂಟ್ ಪಿಟ್‌ಮನ್ ತುದಿಯಲ್ಲೇ ಇರುತ್ತದೆ, ಅಲ್ಲಿ ಅದು ಸವೆಯುವ ಭಾಗ. ಇಲ್ಲಿ ಅದರ ತುದಿಯಲ್ಲಿರುವುದು ಬರೀ ಟೇಪರ್ ತೂತು (ಒಂದು ಕಡೆಗೆ ಕಿರಿದಾಗುತ್ತ ಹೋಗುವ ತೂತು), ಸ್ಟಡ್ ಸೆಂಟರ್ ಲಿಂಕ್‌ನದು. ತೂತು ಮೊಟ್ಟೆಯಾಕಾರಕ್ಕೆ ತಿರುಗಿದೆಯೇ ಎಂದು ಮಾತ್ರ ನೋಡಬೇಕು: ಹೊಸ ಸ್ಟಡ್‌ನ ಟೇಪರ್ ಮೇಲೆ ಮಾರ್ಕರ್ ಪೆನ್ನಿನಿಂದ ಉದ್ದಕ್ಕೆ ಗೆರೆ ಎಳೆದು, ತೂತಿನಲ್ಲಿ ಕೂರಿಸಿ ಒತ್ತಿ ಸ್ವಲ್ಪ ತಿರುಗಿಸಿ ತೆಗೆದರೆ ಗೆರೆಗಳು ಸುತ್ತಲೂ ಒಂದೇ ಸಮ ಉಜ್ಜಿರಬೇಕು. ಹಾಗೇ ಇತ್ತು. ಬಾಕ್ಸ್ ಶಾಫ್ಟ್‌ನಿಂದ ಪಿಟ್‌ಮನ್ ಕೀಳುವುದು ದೊಡ್ಡ ಪುಲ್ಲರ್‌ನ ಕೆಲಸ. ಸುತ್ತಿಗೆ ಬಳಸಿದರೆ ಪೆಟ್ಟು ನೇರ ಬಾಕ್ಸ್ ಒಳಗಿನ ಗೇರ್‌ಗೆ, ಬೇರಿಂಗ್‌ಗೆ ಹೋಗುತ್ತದೆ. ಅಗತ್ಯವಿಲ್ಲದೆ ಅದನ್ನು ಮುಟ್ಟಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಲಿಂಕೇಜ್ ಬಿಚ್ಚಿದ್ದು

ತುಕ್ಕು ಸಡಿಲಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಎಲ್ಲ ನಟ್‌ಗಳಿಗೆ ಬಿಟ್ಟಿರಬೇಕು. ಚಾಸಿಯ ಎರಡೂ ಬದಿಗೆ ಸ್ಟ್ಯಾಂಡ್, ಹಿಂದಿನ ಚಕ್ರಕ್ಕೆ ಅಡ್ಡ. ಬರೀ ಜಾಕ್ ನಂಬಿ ಗಾಡಿಯಡಿ ಹೋಗಬಾರದು.

ಮೊದಲು ಎರಡೂ ಟೈ ರಾಡ್‌ಗಳ ಉದ್ದ ಬರೆದುಕೊಳ್ಳಬೇಕು, ಒಂದು ಸ್ಟಡ್‌ನ ನಡುವಿನಿಂದ ಇನ್ನೊಂದು ಸ್ಟಡ್‌ನ ನಡುವಿಗೆ. ಎಷ್ಟು ಸುತ್ತು ಬಿಚ್ಚಿತು ಎಂದು ಎಣಿಸಿ ಹೊಸದನ್ನು ಅಷ್ಟೇ ಸುತ್ತು ಹಾಕುವ ರೂಢಿ ಇದೆ, ಆದರೆ ಬೇರೆ ತಯಾರಕರ ಎಂಡ್‌ನ ಉದ್ದ ಮೂಲದಷ್ಟೇ ಇರುವುದಿಲ್ಲ. ಸ್ಟಡ್‌ನಿಂದ ಸ್ಟಡ್‌ಗೆ ಅಳತೆ ಮೋಸ ಮಾಡುವುದಿಲ್ಲ. ಇಲ್ಲಿ ಚಾಲಕನ ಬದಿಯ ರಾಡ್ ಇನ್ನೊಂದಕ್ಕಿಂತ 11 ಮಿ.ಮೀ. ಉದ್ದ ಇತ್ತು. ಹಿಂದೆ ಟೋ ಕೂಡಿಸಿದವರು ಒಂದೇ ಬದಿಯ ಸ್ಲೀವ್ ತಿರುಗಿಸಿ ಮುಗಿಸಿದ್ದರು, ಆದ್ದರಿಂದಲೇ ನೇರ ಓಡುವಾಗ ಸ್ಟೀರಿಂಗ್ ಚಕ್ರ ಓರೆ ನಿಲ್ಲುತ್ತಿತ್ತು. ಸ್ಟೀರಿಂಗ್ ಚಕ್ರ ಓರೆ ಇದ್ದರೆ ಬಾಕ್ಸ್ ಕೂಡ ತನ್ನ ನಡುಬಿಂದುವಿನಿಂದ ಆಚೆಗೆ ಕೆಲಸ ಮಾಡುತ್ತಿರುತ್ತದೆ. ಬಾಕ್ಸ್‌ನ ಗೇರ್‌ಗಳು ನಡುವಿನಲ್ಲಿ ಮಾತ್ರ ಒಂದಕ್ಕೊಂದು ತೀರ ಹತ್ತಿರ ಬರುವಂತೆ ಕಡೆದಿರುತ್ತವೆ. ಅಲ್ಲಿಂದ ಸರಿದರೆ ಸಹಜವಾಗಿಯೇ ಪ್ಲೇ ಹೆಚ್ಚು.

ಟೇಪರ್ ಜಾಯಿಂಟ್ ಬಿಡಿಸುವಾಗ ಸ್ಪ್ಲಿಟ್ ಪಿನ್ ತೆಗೆದು, ನಟ್ ಪೂರ್ತಿ ಬಿಚ್ಚದೆ ನಾಲ್ಕಾರು ಥ್ರೆಡ್ ಉಳಿಸಿ, ಪುಲ್ಲರ್ ಹಾಕಿ ಬಿಗಿ ಕೊಟ್ಟು, ಸ್ಟಡ್ ಕೂತಿರುವ ಕಣ್ಣಿನ ಪಕ್ಕಕ್ಕೆ ಭಾರದ ಸುತ್ತಿಗೆಯಿಂದ ಒಂದೆರಡು ಗಟ್ಟಿ ಪೆಟ್ಟು. ಪೆಟ್ಟು ಕಣ್ಣಿಗೆ, ಸ್ಟಡ್‌ನ ತಲೆಗೆ ಅಲ್ಲ. ಕಣ್ಣು ಒಂದು ಕ್ಷಣ ಅಂಡಾಕಾರವಾಗಿ ಟೇಪರ್ ಹಿಡಿತ ಬಿಡುತ್ತದೆ, ಜಾಯಿಂಟ್ ‘ಟಪ್’ ಎಂದು ಇಳಿಯುತ್ತದೆ. ಕವೆಯಂಥ ಫೋರ್ಕ್ ಬಡಿದೂ ಬಿಡಿಸಬಹುದು, ಆದರೆ ಅದು ಬೂಟ್ ಹರಿಯದೆ ಬಿಡುವುದಿಲ್ಲ. ಎಸೆಯುವ ಜಾಯಿಂಟ್‌ಗೆ ಮಾತ್ರ ಅದು.

ಬಾಕ್ಸ್‌ನ ನಿಜ ಸ್ಥಿತಿ

ಸೆಂಟರ್ ಲಿಂಕ್ ಇಳಿಸಿದ ಮೇಲೆ ಬಾಕ್ಸ್ ಒಂಟಿಯಾಗುತ್ತದೆ. ಅದರ ಪರೀಕ್ಷೆಗೆ ಇದೇ ಸಮಯ, ಲಿಂಕೇಜ್ ಜೋಡಿಸಿರುವಾಗ ಬಾಕ್ಸ್ ಬಗ್ಗೆ ಏನೂ ಹೇಳಲಾಗದು. ಎಂಜಿನ್ ಬಂದ್ ಇಟ್ಟು ಸ್ಟೀರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ತಿರುಗಿಸಿದಾಗ ನಡುವಿನಲ್ಲಿ ಕೈಗೇ ತಿಳಿಯುವ ಗಂಟು. ಸ್ಟೀರಿಂಗ್ ನಟ್ ಮೇಲೆ ಚಿಕ್ಕ ಅಳತೆಯ ಟಾರ್ಕ್ ವ್ರೆಂಚ್ ಇಟ್ಟು ನೋಡಿದರೆ ಪಕ್ಕಗಳಲ್ಲಿ 0.7 ನ್ಯೂಟನ್ ಮೀಟರ್, ನಡುವಿನಲ್ಲಿ 2.9. ಬಳಸಿದ ಬಾಕ್ಸ್‌ಗೆ ಕೈಪಿಡಿ ಹೇಳುವುದು ನಡುವಿನಲ್ಲಿ ಪಕ್ಕಕ್ಕಿಂತ 0.5ರಷ್ಟು ಹೆಚ್ಚು, ಅಷ್ಟೇ.

ತಿರುವಿನಿಂದ ಸ್ಟೀರಿಂಗ್ ಮರಳದಿರಲು ಕಾರಣ ಇಲ್ಲಿ ಸಿಕ್ಕಿತು. ಚಕ್ರಗಳನ್ನು ನೇರಕ್ಕೆ ತರುವ ಬಲ ಕ್ಯಾಸ್ಟರ್ ಕೋನದಿಂದ (ಪಕ್ಕದಿಂದ ನೋಡಿದಾಗ ಮೇಲಿನ, ಕೆಳಗಿನ ಬಾಲ್ ಜಾಯಿಂಟ್‌ಗಳ ನಡುವಿನ ಗೆರೆಯ ಓರೆ) ಬರುತ್ತದೆ, ನೇರಕ್ಕೆ ಹತ್ತಿರವಾದಂತೆ ಆ ಬಲ ಕಡಿಮೆಯಾಗುತ್ತ ಹೋಗುತ್ತದೆ. ಬಿಗಿಸಿದ ಬಾಕ್ಸ್ ಹಿಡಿಯುವುದೂ ಸರಿಯಾಗಿ ಅದೇ ನಡುವಿನಲ್ಲಿ. ಬಲ ಅತಿ ಕಡಿಮೆ ಇರುವ ಕಡೆಯೇ ತಡೆ ಅತಿ ಹೆಚ್ಚು. ಚಾಲಕ ನಡುವಿನ ಒಂದು ಪಕ್ಕದಲ್ಲಿ ನಿಲ್ಲಿಸಿದರೆ ಸ್ಟೀರಿಂಗ್ ಅಲ್ಲೇ ಅಂಟಿಕೊಳ್ಳುತ್ತದೆ, ತಿದ್ದಿದರೆ ಇನ್ನೊಂದು ಪಕ್ಕಕ್ಕೆ ಜಿಗಿಯುತ್ತದೆ. ಐಡ್ಲರ್‌ನಿಂದ ಆಗುತ್ತಿದ್ದ ಅಲೆದಾಟಕ್ಕೆ ಬಾಕ್ಸ್ ಬಿಗಿ ಮಾಡಿದ್ದರಿಂದ ಎರಡನೆಯ ಅಲೆದಾಟ ಸೇರಿಕೊಂಡಿತ್ತು.

ಸರಿಪಡಿಸಿದ ಕ್ರಮ: ಒಂದು ತುದಿಯಿಂದ ಇನ್ನೊಂದಕ್ಕೆ ಒಟ್ಟು ಸುತ್ತು ಎಣಿಸಿ, ಅರ್ಧ ಹಿಂದಿರುಗಿ ನಿಜವಾದ ನಡುಬಿಂದು ಗುರುತಿಸುವುದು. ಲಾಕ್ ನಟ್ ಸಡಿಲಿಸಿ, ಸ್ಕ್ರೂವನ್ನು ಗಂಟು ಪೂರ್ತಿ ಹೋಗುವವರೆಗೆ ಹಿಂದಕ್ಕೆ ತಿರುಗಿಸುವುದು. ಆಮೇಲೆ ಸ್ವಲ್ಪ ಸ್ವಲ್ಪವೇ ಒಳಕ್ಕೆ ತಿರುಗಿಸಿ, ಪ್ರತಿ ಸಲ ನಡುವನ್ನು ದಾಟಿಸಿ ಅಳೆಯುವುದು. 1.2ರಲ್ಲಿ ನಿಲ್ಲಿಸಿ, ಸ್ಕ್ರೂ ಅಲುಗದಂತೆ ಹಿಡಿದು ಲಾಕ್ ನಟ್ ಬಿಗಿಸಿ, ಮತ್ತೊಮ್ಮೆ ಅಳೆದು ಖಚಿತಪಡಿಸುವುದು. ಲಾಕ್ ನಟ್ ಬಿಗಿಸುವಾಗಲೇ ಸ್ಕ್ರೂ ತುಸು ತಿರುಗುವುದು ಸಾಮಾನ್ಯ. ನಡುವಿನಲ್ಲಿ ಟಾರ್ಕ್ ಸರಿ ಮಾಡಿದರೆ ಪ್ಲೇ ಉಳಿಯುತ್ತದೆ, ಪ್ಲೇ ತೆಗೆದರೆ ಗಂಟು ಬರುತ್ತದೆ ಎಂಬ ಸ್ಥಿತಿ ಇದ್ದಿದ್ದರೆ ಒಳಗಿನ ಗೇರ್ ಸವೆದಿದೆ ಎಂದರ್ಥ, ಆಗ ಬಾಕ್ಸ್ ಬಿಚ್ಚಿಯೇ ಸರಿಮಾಡಬೇಕು. ಈ ಬಾಕ್ಸ್‌ಗೆ ಅಂಥ ಹಾನಿ ಆಗಿರಲಿಲ್ಲ.

ಬಾಲ್ ಜಾಯಿಂಟ್ ಮತ್ತು ಬುಷ್

ಇಲ್ಲಿ ಅಪಾಯ ನಿಜವಾದದ್ದು. ನಕಲ್‌ನಿಂದ ಜಾಯಿಂಟ್ ಬಿಡಿಸಿದ ಕೂಡಲೇ ಅದುಮಿಟ್ಟ ಕಾಯಿಲ್ ಸ್ಪ್ರಿಂಗನ್ನು ತಡೆದಿರುವುದು ಕೆಳಗಿನ ಆರ್ಮ್‌ಗೆ ಕೊಟ್ಟ ಜಾಕ್ ಒಂದೇ. ಜಾಕ್ ಆರ್ಮ್‌ನ ಹೊರತುದಿಯಲ್ಲಿ, ಸ್ಪ್ರಿಂಗ್ ಭಾರವನ್ನು ಪೂರ್ತಿ ಹೊತ್ತು, ಜಾರದಂತೆ ಕೂತಿರಬೇಕು. ಸ್ಪ್ರಿಂಗ್ ಮೂಲಕ ಸರಪಳಿ ಹಾಯಿಸಿ ಚಾಸಿಗೆ ಕಟ್ಟಿರಬೇಕು. ಕೆಲಸ ಮುಗಿಯುವವರೆಗೆ ಆ ಜಾಕ್ ಹಿಡಿಯನ್ನು ಯಾರೂ ಮುಟ್ಟಬಾರದು. ಬ್ರೇಕ್ ಕ್ಯಾಲಿಪರನ್ನು ತಂತಿಯಿಂದ ಮೇಲಕ್ಕೆ ಕಟ್ಟಬೇಕು, ಹೋಸ್‌ನಲ್ಲಿ ನೇತಾಡಿಸಿದರೆ ಹೋಸ್ ಒಳಗೇ ಹರಿಯುತ್ತದೆ.

ಮೇಲಿನ ಜಾಯಿಂಟನ್ನು ಕಾರ್ಖಾನೆಯಲ್ಲಿ ನಾಲ್ಕು ರಿವೆಟ್ ಹೊಡೆದು ಕೂರಿಸಿದ್ದರು. ಪ್ರತಿ ರಿವೆಟ್ ತಲೆಯ ನಡುವಿಗೆ ಪಂಚ್ ಗುರುತು, 3 ಮಿ.ಮೀ. ಬಿಟ್‌ನಿಂದ ಸುಮಾರು 6 ಮಿ.ಮೀ. ಆಳ, ಬಳಿಕ 12 ಮಿ.ಮೀ. ಬಿಟ್‌ನಿಂದ ತಲೆ ಮಾತ್ರ ಹಾರಿಸಿ, ಉಳಿದದ್ದನ್ನು ಪಂಚ್‌ನಿಂದ ಬಡಿದು ಹೊರಗೆ. ದೊಡ್ಡ ಬಿಟ್ ಆಳಕ್ಕೆ ಹೋಗಿ ಆರ್ಮ್‌ನ ತೂತು ಅಗಲವಾದರೆ ಹೊಸ ಬೋಲ್ಟ್ ಸಡಿಲವಾಗಿ ಕೂರುತ್ತದೆ, ಆಮೇಲೆ ಆ ಆರ್ಮ್ ಪ್ರಯೋಜನಕ್ಕಿಲ್ಲ. ಹೊಸ ಜಾಯಿಂಟ್‌ನ ಜೊತೆ ಬರುವ ಬೋಲ್ಟ್‌ಗಳನ್ನೇ ಹಾಕಬೇಕು, ಡಬ್ಬಿಯಲ್ಲಿ ಸಿಕ್ಕ ಸಾಮಾನ್ಯ ಬೋಲ್ಟ್ ಅಲ್ಲ. ಕೆಳಗಿನದು ಪ್ರೆಸ್ ಮಾಡಿ ಕೂರಿಸುವ ಬಗೆ. ಸಿ ಆಕಾರದ ಪ್ರೆಸ್‌ನಿಂದ ಹಳೆಯದನ್ನು ಇಳಿಸಿ, ತೂತಿನ ಒಳಮೈ ಉಜ್ಜಿ, ಹೊಸದನ್ನು ನೇರವಾಗಿ ಏರಿಸಬೇಕು. ಶುರುವಿನಲ್ಲೇ ಓರೆಯಾದರೆ ಒತ್ತುತ್ತ ಹೋಗದೆ ತೆಗೆದು ಮತ್ತೆ ಹಿಡಿಸಬೇಕು. ಪ್ರೆಸ್‌ನ ಒತ್ತಡ ಜಾಯಿಂಟ್‌ನ ಹೊರ ಉಂಗುರಕ್ಕೆ ಬೀಳಬೇಕೇ ಹೊರತು ನಡುವಿನ ಮುಚ್ಚಳಕ್ಕೆ ಬೀಳಬಾರದು.

ಮೇಲಿನ ಆರ್ಮ್ ಕಳಚುವ ಮೊದಲು ಅದರ ಶಾಫ್ಟ್ ಮತ್ತು ಚಾಸಿ ನಡುವಿನ ಶಿಮ್‌ಗಳನ್ನು (ತೆಳು ಲೋಹದ ತುಂಡುಗಳು) ಮುಂದಿನ ಬೋಲ್ಟ್‌ನದು ಬೇರೆ, ಹಿಂದಿನದು ಬೇರೆ ಕಟ್ಟಿ ಗುರುತು ಬರೆದಿಡಬೇಕು. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರುವ ಕೋನ), ಕ್ಯಾಸ್ಟರ್ ಎರಡೂ ಅವುಗಳ ಲೆಕ್ಕದಲ್ಲಿವೆ.

ಬುಷ್ ಹಾಕಿದ ಮೇಲೆ ಶಾಫ್ಟ್ ತುದಿಯ ನಟ್‌ಗಳನ್ನು ಕೈಬಿಗಿ ಮಾತ್ರ ಮಾಡಿ ಬಿಡಬೇಕು. ಕೊನೆಯ ಟಾರ್ಕ್ ಗಾಡಿ ತನ್ನ ಚಕ್ರಗಳ ಮೇಲೆ ನಿಂತು, ಮುಂಭಾಗವನ್ನು ಒತ್ತಿ ಕುಣಿಸಿ ಸಹಜ ಎತ್ತರಕ್ಕೆ ಬಂದ ಮೇಲೆ. ಇಂಥ ಬುಷ್‌ನಲ್ಲಿ ರಬ್ಬರ್ ಒಳಗೂ ಹೊರಗೂ ಅಂಟಿಕೊಂಡಿರುತ್ತದೆ. ಆರ್ಮ್ ಆಡುವುದು ರಬ್ಬರ್ ತಿರುಚಿಕೊಳ್ಳುವುದರಿಂದ, ಜಾರುವುದರಿಂದ ಅಲ್ಲ. ಆರ್ಮ್ ಕೆಳಗೆ ಜೋತಿರುವಾಗ ಬಿಗಿ ಮಾಡಿದರೆ ಗಾಡಿ ಇಳಿಸಿದ ಕ್ಷಣದಿಂದಲೇ ರಬ್ಬರ್ ಒಂದು ಕಡೆಗೆ ತಿರುಚಿ ನಿಲ್ಲುತ್ತದೆ, ಎತ್ತರವೂ ತುಸು ಸುಳ್ಳಾಗುತ್ತದೆ, ಹೊಸ ಬುಷ್ ಬಹುಬೇಗ ಹರಿಯುತ್ತದೆ. ಹೊಸದು ಹಾಕಿದರೂ ಶಬ್ದ ಮತ್ತೆ ಬಂತು ಎನ್ನುವ ದೂರುಗಳಲ್ಲಿ ಬಹುಪಾಲು ಇದೇ.

ವ್ಹೀಲ್ ಬೇರಿಂಗ್‌ಗಳನ್ನು ತೊಳೆದು ನೋಡಿದಾಗ ರೋಲರ್‌ಗಳ ಮೈ ಶುದ್ಧವಾಗಿತ್ತು, ಬದಲಾವಣೆ ಬೇಕಾಗಲಿಲ್ಲ. ಹೊಸ ಗ್ರೀಸ್ ತುಂಬಿ, ಹೊಸ ಸೀಲ್ ಹಾಕಿ, ಹಬ್ ತಿರುಗಿಸುತ್ತ ನಟ್ಟನ್ನು 16 ನ್ಯೂಟನ್ ಮೀಟರ್‌ಗೆ ಬಿಗಿಸಿ, ಸಡಿಲಿಸಿ, ಮತ್ತೆ ಬೆರಳಲ್ಲೇ ಬಿಗಿಸಿ, ಪಿನ್ ತೂತು ಸಿಗುವಷ್ಟು ಮಾತ್ರ ಹಿಂದೆ ಸರಿಸಲಾಯಿತು. ಡಯಲ್ ಗೇಜ್‌ನಲ್ಲಿ ಹಬ್‌ನ ಆಟ 0.03ರಿಂದ 0.13 ಮಿ.ಮೀ. ಒಳಗೆ ಬರಬೇಕು, ಎರಡೂ ಬದಿ ಬಂತು.

ಜೋಡಣೆ

ಟೇಪರ್‌ಗಳು ಒಣಗಿ ಶುದ್ಧವಾಗಿರಬೇಕು. ಗ್ರೀಸ್ ಸವರಿದರೆ ಹಿಡಿತ ಕೆಡುತ್ತದೆ, ಟಾರ್ಕ್ ಅಳತೆಯೂ ಸುಳ್ಳಾಗುತ್ತದೆ. ನಟ್ ತಿರುಗಿಸುವಾಗ ಸ್ಟಡ್ ಜೊತೆಗೇ ಸುತ್ತಿದರೆ ಕೆಳಗಿನಿಂದ ಜಾಕ್ ಕೊಟ್ಟು ಮೆಲ್ಲಗೆ ಒತ್ತಿದರೆ ಟೇಪರ್ ಕೂತುಕೊಳ್ಳುತ್ತದೆ. ಈ ಗಾಡಿಯ ಕೈಪಿಡಿಯಂತೆ ಟೈ ರಾಡ್ ಎಂಡ್ ಮತ್ತು ಸೆಂಟರ್ ಲಿಂಕ್ ನಟ್‌ಗಳಿಗೆ 47, ಮೇಲಿನ ಬಾಲ್ ಜಾಯಿಂಟ್‌ಗೆ 83, ಕೆಳಗಿನದಕ್ಕೆ 122, ಐಡ್ಲರ್ ಬ್ರಾಕೆಟ್‌ಗೆ 81, ಸ್ಲೀವ್ ಕ್ಲಾಂಪ್‌ಗೆ 19 ನ್ಯೂಟನ್ ಮೀಟರ್. ಬೇರೆ ಗಾಡಿಗೆ ಬೇರೆ ಅಂಕಿ, ಇವನ್ನು ಹಾಗೇ ಎತ್ತಿಕೊಳ್ಳಬಾರದು. ಟಾರ್ಕ್ ಆದ ಮೇಲೆ ಪಿನ್ ತೂತು ಎದುರಾಗದಿದ್ದರೆ ಈ ನಟ್‌ಗಳನ್ನು ಇನ್ನಷ್ಟು ಬಿಗಿಸಿ ಹೊಂದಿಸಬೇಕು, ಹಿಂದಕ್ಕೆ ಬಿಡಬಾರದು. ವ್ಹೀಲ್ ಬೇರಿಂಗ್ ನಟ್‌ಗೆ ಮಾತ್ರ ಇದರ ತದ್ವಿರುದ್ಧ ನಿಯಮ, ಅದನ್ನು ಗೊಂದಲ ಮಾಡಿಕೊಂಡರೆ ಬೇರಿಂಗ್ ಸುಡುತ್ತದೆ.

ಐಡ್ಲರ್ ಬ್ರಾಕೆಟ್‌ನ ತೂತುಗಳು ಈ ಗಾಡಿಯಲ್ಲಿ ದುಂಡಗಿಲ್ಲ, ಮೇಲೆ ಕೆಳಗೆ ಉದ್ದವಾಗಿವೆ. ಸುಮ್ಮನೆ ಬೋಲ್ಟ್ ಹಾಕಿ ಬಿಗಿಸಿದರೆ ಬ್ರಾಕೆಟ್ ತನ್ನ ಭಾರಕ್ಕೆ ಕೆಳಗೆ ಸರಿದು ನಿಲ್ಲುತ್ತದೆ. ಆಗ ಸೆಂಟರ್ ಲಿಂಕ್ ಓರೆಯಾಗಿ, ಎರಡು ಟೈ ರಾಡ್‌ಗಳ ಕೋನ ಬೇರೆ ಬೇರೆಯಾಗಿ, ಉಬ್ಬು ಹತ್ತಿಳಿದಾಗಲೆಲ್ಲ ಗಾಡಿ ಒಂದು ಪಕ್ಕಕ್ಕೆ ಚಿಮ್ಮುತ್ತದೆ. ಎಷ್ಟು ಒಳ್ಳೆಯ ಅಲೈನ್‌ಮೆಂಟ್ ಯಂತ್ರವೂ ಇದನ್ನು ತೋರಿಸುವುದಿಲ್ಲ, ಯಾಕೆಂದರೆ ಅದು ನಿಂತ ಗಾಡಿಯನ್ನು ಅಳೆಯುತ್ತದೆ. ಸೆಂಟರ್ ಲಿಂಕ್‌ನ ಎರಡೂ ತುದಿಗಳನ್ನು ಚಾಸಿಯ ಅಡಿಯಿಂದ ಅಳೆದು, ವ್ಯತ್ಯಾಸ 1 ಮಿ.ಮೀ. ಒಳಗೆ ಬರುವಂತೆ ಬ್ರಾಕೆಟ್ ಎತ್ತಿ ಹಿಡಿದು ಬೋಲ್ಟ್ ಬಿಗಿಸಲಾಯಿತು. ಮೊದಲು ಸಡಿಲವಾಗಿ ಕೂರಿಸಿದಾಗ ವ್ಯತ್ಯಾಸ 6 ಮಿ.ಮೀ. ಇತ್ತು.

ಎರಡೂ ಟೈ ರಾಡ್‌ಗಳನ್ನು ಸಮ ಉದ್ದಕ್ಕೆ, ಅಂದರೆ ಹಳೆಯ ಎರಡು ಅಳತೆಗಳ ಸರಾಸರಿಗೆ ಕೂಡಿಸಿ ಹಾಕಲಾಯಿತು. ಸ್ಲೀವ್‌ನ ಒಂದು ತುದಿ ಬಲ ಥ್ರೆಡ್, ಇನ್ನೊಂದು ಎಡ ಥ್ರೆಡ್. ಎರಡು ತುದಿಗಳೂ ಹೆಚ್ಚುಕಡಿಮೆ ಒಂದೇ ಸಮ ಒಳಗೆ ಹೋಗಿರಬೇಕು. ಕ್ಲಾಂಪ್ ಬಿಗಿಸುವ ಮೊದಲು ಎರಡೂ ಎಂಡ್‌ಗಳನ್ನು ಒಂದೇ ದಿಕ್ಕಿಗೆ ತಿರುಗಿಸಿ ನಡುಸ್ಥಿತಿಗೆ ತರಬೇಕು, ಇಲ್ಲದಿದ್ದರೆ ಸ್ಟೀರಿಂಗ್ ಪೂರ್ತಿ ತಿರುಗುವಾಗ ಸ್ಟಡ್ ತನ್ನ ಗೂಡಿನ ಅಂಚಿಗೆ ತಾಗುತ್ತದೆ. ಗ್ರೀಸ್ ಗನ್‌ನಿಂದ ಪ್ರತಿ ಜಾಯಿಂಟ್‌ಗೂ ಬೂಟ್ ಸ್ವಲ್ಪ ಉಬ್ಬುವವರೆಗೆ ಮಾತ್ರ. ಬಿರಿಯುವಷ್ಟು ತುಂಬಿದರೆ ನೀರು ಒಳಬರಲು ನಾವೇ ದಾರಿ ಮಾಡಿದಂತೆ.

ಅಲೈನ್‌ಮೆಂಟ್ ಮತ್ತು ಫಲಿತಾಂಶ

ಅಲೈನ್‌ಮೆಂಟ್ ಜಾಗಕ್ಕೆ ಓಡಿಸಿಕೊಂಡು ಹೋಗಲು ಟೋ ಒಂದು ಮಟ್ಟಿಗೆ ಸರಿ ಇರಬೇಕು. ಚಕ್ರ ತಿರುಗಿಸುತ್ತ ಟೈರ್ ನಡುವೆ ಮೊಳೆಯಿಂದ ಗೆರೆ ಎಳೆದು, ಗಾಡಿ ಇಳಿಸಿ, ಸ್ವಲ್ಪ ಮುಂದೆ ಉರುಳಿಸಿ, ಹಬ್‌ನ ಎತ್ತರದಲ್ಲಿ ಎರಡು ಗೆರೆಗಳ ನಡುವಿನ ದೂರವನ್ನು ಮುಂದೆಯೂ ಹಿಂದೆಯೂ ಅಳೆದರೆ ಸಾಕು. ಮುಂದಿನ ಅಳತೆ 2 ಮಿ.ಮೀ. ಕಡಿಮೆ ಬರುವಂತೆ ಎರಡೂ ಸ್ಲೀವ್‌ಗಳನ್ನು ಸಮ ತಿರುಗಿಸಲಾಯಿತು.

ಯಂತ್ರದ ಮೇಲೆ ಮೊದಲು ಕ್ಯಾಸ್ಟರ್ ಮತ್ತು ಕ್ಯಾಂಬರ್, ಟೋ ಕೊನೆಗೆ. ಶಿಮ್ ಬದಲಿಸಿದಾಗಲೆಲ್ಲ ಟೋ ಬದಲಾಗುತ್ತದೆ. ಈ ಗಾಡಿಯಲ್ಲಿ ಶಿಮ್ ಸೇರಿಸಿದರೆ ಮೇಲಿನ ಆರ್ಮ್ ಒಳಕ್ಕೆ ಸರಿದು ಕ್ಯಾಂಬರ್ ಮೈನಸ್ ಕಡೆಗೆ ಹೋಗುತ್ತದೆ. ಮುಂದಿನ ಬೋಲ್ಟ್‌ನ ಶಿಮ್ ತೆಗೆದು ಹಿಂದಿನದಕ್ಕೆ ಹಾಕಿದರೆ ಮೇಲಿನ ಬಾಲ್ ಜಾಯಿಂಟ್ ಹಿಂದೆ ಸರಿದು ಪ್ಲಸ್ ಕ್ಯಾಸ್ಟರ್ ಹೆಚ್ಚುತ್ತದೆ. ಕೆಲಸಕ್ಕೆ ಮೊದಲು ಐಡ್ಲರ್ ಬದಿಯ ಕ್ಯಾಂಬರ್ ಮೈನಸ್ 1.2 ಡಿಗ್ರಿ ಇತ್ತು. ಹೊಸ ಜಾಯಿಂಟ್ ಮತ್ತು ಬುಷ್ ಹಾಕಿ ಹಳೆಯ ಶಿಮ್‌ಗಳನ್ನೇ ಇಟ್ಟಾಗ ಅದು ಮೈನಸ್ 0.1ಕ್ಕೆ ಬಂತು. ಅಂದರೆ ಒಂದು ಡಿಗ್ರಿಗೂ ಹೆಚ್ಚಿನ ದೋಷ ಸವೆದ ಭಾಗಗಳದೇ. ಒಂದು ತೆಳು ಶಿಮ್ ತೆಗೆದು, ಒಂದನ್ನು ಮುಂದಿನಿಂದ ಹಿಂದಕ್ಕೆ ಹಾಕಿದ ಮೇಲೆ ಎರಡೂ ಬದಿಯ ಕ್ಯಾಂಬರ್ ಪ್ಲಸ್ 0.4ರ ಆಸುಪಾಸು, ಕ್ಯಾಸ್ಟರ್ 2.4 ಮತ್ತು 2.6. ಎರಡು ಬದಿಯ ವ್ಯತ್ಯಾಸ ಅರ್ಧ ಡಿಗ್ರಿ ಮೀರಬಾರದು. ಗಾಡಿ ಪ್ಲಸ್ ಕ್ಯಾಂಬರ್ ಹೆಚ್ಚಿರುವ ಬದಿಗೆ, ಕ್ಯಾಸ್ಟರ್ ಕಡಿಮೆಯಿರುವ ಬದಿಗೆ ಎಳೆಯುತ್ತದೆ. ಟೋ ಇನ್ ಒಟ್ಟು 2 ಮಿ.ಮೀ.

ರಸ್ತೆಯಲ್ಲಿ ಅಲೆದಾಟ ಇರಲಿಲ್ಲ, ಬ್ರೇಕ್ ಶಬ್ದ ಹೋಗಿತ್ತು, ತಿರುವಿನಿಂದ ಸ್ಟೀರಿಂಗ್ ತಾನಾಗಿ ಮರಳುತ್ತಿತ್ತು. ಸ್ಟೀರಿಂಗ್ ಚಕ್ರ ಮಾತ್ರ ಸ್ವಲ್ಪ ಓರೆ ನಿಂತಿತ್ತು. ಇದಕ್ಕೆ ಸ್ಟೀರಿಂಗ್ ಚಕ್ರ ಕಿತ್ತು ತಿರುಗಿಸಿ ಹಾಕುವುದು ತಪ್ಪು ದಾರಿ, ಬಾಕ್ಸ್ ಮತ್ತೆ ನಡುಬಿಂದು ಬಿಟ್ಟು ಹೋಗುತ್ತದೆ. ಒಂದು ಬದಿಯ ಟೈ ರಾಡ್ ಎಷ್ಟು ಚಿಕ್ಕದಾಯಿತೋ ಇನ್ನೊಂದು ಅಷ್ಟೇ ಉದ್ದವಾಗುವಂತೆ ಎರಡೂ ಸ್ಲೀವ್‌ಗಳನ್ನು ಕಾಲು ಸುತ್ತು ತಿರುಗಿಸಿದಾಗ ಚಕ್ರ ನೇರವಾಯಿತು, ಒಟ್ಟು ಟೋ ಹಾಗೇ ಉಳಿಯಿತು. ಅಂಚಿನಲ್ಲಿ ಪ್ಲೇ 65ರಿಂದ 20 ಮಿ.ಮೀ.ಗೆ ಇಳಿಯಿತು. ಉಳಿದ 20 ಬಾಕ್ಸ್ ಮತ್ತು ಕಪ್ಲಿಂಗ್‌ನದು. ಈ ವಯಸ್ಸಿನ ಗಾಡಿಗೆ ಅದು ಮಿತಿಯೊಳಗೇ, ಅದನ್ನು ಶೂನ್ಯ ಮಾಡುವ ಆಸೆಗೆ ಸ್ಕ್ರೂ ಮುಟ್ಟಬಾರದು.

ಸುಮಾರು 500 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಬೇಕಾದವು: ಸ್ಲೀವ್ ಕ್ಲಾಂಪ್, ಐಡ್ಲರ್ ಬ್ರಾಕೆಟ್ ಬೋಲ್ಟ್, ಮೇಲಿನ ಜಾಯಿಂಟ್‌ನ ನಾಲ್ಕು ಬೋಲ್ಟ್, ಚಕ್ರದ ನಟ್. ಈ ಗಾಡಿಯಲ್ಲಿ ಐಡ್ಲರ್ ಬ್ರಾಕೆಟ್‌ನ ಒಂದು ಬೋಲ್ಟ್ ಹೇಳಿದ ಟಾರ್ಕ್‌ಗೆ ತುಸು ತಿರುಗಿತು. ಚಾಸಿ ಮೇಲಿನ ಹಳೆಯ ಬಣ್ಣದ ಪದರ ಅದರಡಿ ಅದುಮಿಕೊಂಡದ್ದು ಕಾರಣ. ಸೆಂಟರ್ ಲಿಂಕ್‌ನ ಎತ್ತರ ಮತ್ತೆ ಅಳೆದಾಗ ಬದಲಾಗಿರಲಿಲ್ಲ, ಟೋ ಕೂಡ 2 ಮಿ.ಮೀ.ನಲ್ಲೇ ಇತ್ತು.